ಮೇನ್‌ಫ್ರೇಮ್ ಟೇಪ್ ಕಾರ್ಟ್ರಿಡ್ಜ್‌ನಲ್ಲಿ ಇನ್ನೆಷ್ಟು ಜಾಗ ಉಳಿದಿದೆ: ಲೆಕ್ಕ ಇಡುವ ಸಮಗ್ರ ಮಾರ್ಗದರ್ಶಿ

ಡಿಸ್ಕ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ ಎಂದು ತಿಳಿಯಬೇಕಾದರೆ ವಿಟಾಕ್ (ಡಿಸ್ಕ್‌ನ ಮೇಲಿರುವ ಒಳಪಟ್ಟಿ) ನೋಡಿದರೆ ಸಾಕು, ಟ್ರ್ಯಾಕ್ ಲೆಕ್ಕದಲ್ಲಿ ಖಚಿತ ಉತ್ತರ ಸಿಗುತ್ತದೆ. ಟೇಪ್‌ನಲ್ಲಿ ಅಂಥ ಪಟ್ಟಿಯೇ ಇಲ್ಲ. ವಾಲ್ಯೂಮಿನ (ಒಂದು ಟೇಪ್ ಕಾರ್ಟ್ರಿಡ್ಜ್) ತಲೆಯಲ್ಲಿ 80 ಬೈಟಿನ ಲೇಬಲ್‌ಗಳಿರುತ್ತವೆ. ಅವು ವಾಲ್ಯೂಮಿನ ಹೆಸರು, ಡೇಟಾಸೆಟ್‌ನ (ಮೇನ್‌ಫ್ರೇಮಿನ ಕಡತ) ಹೆಸರು, ಅವಧಿ ಮುಗಿಯುವ ದಿನಾಂಕ ಇತ್ಯಾದಿ ಹೇಳುತ್ತವೆಯೇ ಹೊರತು ಉಳಿದ ಜಾಗವನ್ನಲ್ಲ. ಹಾಗಾಗಿ ಉಳಿದ ಸಾಮರ್ಥ್ಯ ಎಂಬುದು ಟೇಪನ್ನು ಕೇಳಿ ಪಡೆಯುವ ಸಂಖ್ಯೆಯಲ್ಲ, ನೀವೇ ಲೆಕ್ಕ ಇಟ್ಟು ಕಟ್ಟಿಕೊಳ್ಳಬೇಕಾದ ಅಂದಾಜು. ಆ ಅಂದಾಜು ನಂಬಿಕೆಗೆ ಅರ್ಹವಾಗಬೇಕಾದರೆ ಮೂರು ಕೆಲಸ ಆಗಬೇಕು. ಲೆಕ್ಕವನ್ನು ಸಾಧನದ ಬೈಟ್‌ಗಳಲ್ಲೇ (ಕಂಪ್ರೆಸ್ ಆಗಿ ಟೇಪಿಗೆ ಇಳಿಯುವ ಬೈಟ್) ಇಡಬೇಕು, ತುಂಬಿ ಮುಗಿದ ಟೇಪ್‌ಗಳಿಗೆ ಅದನ್ನು ಹೋಲಿಸಿ ತಿದ್ದುತ್ತಿರಬೇಕು, ಅಂದಾಜು ತಪ್ಪಿದ ದಿನವೂ ಜಾಬ್ ಬೀಳದಂತೆ ಜೆಸಿಎಲ್ (ಜಾಬ್ ಓಡಿಸುವ ಆದೇಶಗಳ ಭಾಷೆ) ಬರೆದಿರಬೇಕು.

ಇಲ್ಲಿನ ವಿವರಗಳು ಝಡ್/ಓಎಸ್ (ಐಬಿಎಂ ಮೇನ್‌ಫ್ರೇಮಿನ ಕಾರ್ಯಾಚರಣಾ ವ್ಯವಸ್ಥೆ) ಮತ್ತು ಐಬಿಎಂ ಕಾರ್ಟ್ರಿಡ್ಜ್ ಡ್ರೈವ್‌ಗಳಿಗೆ, ಅಂದರೆ 3480, 3490ಇ, 3590, 3592 ಸರಣಿಗೆ ಸಂಬಂಧಿಸಿವೆ.

ಹಂತ 1: ಕಾರ್ಟ್ರಿಡ್ಜ್ ಯಾವುದು, ಬರೆದ ಡ್ರೈವ್ ಯಾವುದು

ಸಾಮರ್ಥ್ಯವನ್ನು ಕಾರ್ಟ್ರಿಡ್ಜ್ ಒಂದೇ ನಿರ್ಧರಿಸುವುದಿಲ್ಲ. ಯಾವ ತಲೆಮಾರಿನ ಡ್ರೈವ್ ಅದರ ಮೇಲೆ ಬರೆಯಿತು ಎಂಬುದೂ ಅಷ್ಟೇ ಮುಖ್ಯ. 3592ರ ಜೆಎ ಕಾರ್ಟ್ರಿಡ್ಜ್ ಇದಕ್ಕೆ ಒಳ್ಳೆಯ ಉದಾಹರಣೆ. 2003ರ ಮೊದಲ ತಲೆಮಾರಿನ ಜೆ1ಎ ಡ್ರೈವ್‌ನಲ್ಲಿ ಬರೆದರೆ ಅದರಲ್ಲಿ 300 ಜಿಬಿ ಹಿಡಿಸುತ್ತದೆ, ಟಿಎಸ್1120ರಲ್ಲಿ 500 ಜಿಬಿ, ಟಿಎಸ್1130ರಲ್ಲಿ 640 ಜಿಬಿ. ಜೆಬಿ ಕಾರ್ಟ್ರಿಡ್ಜ್ ಟಿಎಸ್1120ರಲ್ಲಿ 700 ಜಿಬಿ, ಟಿಎಸ್1130ರಲ್ಲಿ 1 ಟಿಬಿ, ಟಿಎಸ್1140ರಲ್ಲಿ 1.6 ಟಿಬಿ ಹಿಡಿಯುತ್ತದೆ. ಜೆಸಿಯಲ್ಲಿ ಟಿಎಸ್1140 ಡ್ರೈವ್ 4 ಟಿಬಿ ಬರೆದರೆ ಟಿಎಸ್1150 ಡ್ರೈವ್ 7 ಟಿಬಿ ಬರೆಯುತ್ತದೆ. ಜೆಡಿ ಟಿಎಸ್1150ರಲ್ಲಿ 10 ಟಿಬಿ, ಟಿಎಸ್1155ರಲ್ಲಿ 15 ಟಿಬಿ. ಜೆಇ ಟಿಎಸ್1160ರಲ್ಲಿ 20 ಟಿಬಿ. ಇವೆಲ್ಲ ಕಂಪ್ರೆಶನ್ ಇಲ್ಲದ ಮೂಲ ಸಾಮರ್ಥ್ಯದ ಅಂಕಿಗಳು. ಪೆಟ್ಟಿಗೆಯ ಮೇಲೆ ಅಥವಾ ಕರಪತ್ರದಲ್ಲಿ 3:1 ಎಂದು ಗುಣಿಸಿ ಹಾಕಿದ ಸಂಖ್ಯೆಯನ್ನು ಲೆಕ್ಕಕ್ಕೆ ತರಲೇಬೇಡಿ.

ಹಳೆಯ ಸಾಲಿನಲ್ಲಿ 3480 ಕಾರ್ಟ್ರಿಡ್ಜ್ 200 ಎಂಬಿ. 3490ಇ ಡ್ರೈವ್‌ನಲ್ಲಿ ಸಾಮಾನ್ಯ ಉದ್ದದ ಕಾರ್ಟ್ರಿಡ್ಜ್ 400 ಎಂಬಿ, ಹೆಚ್ಚು ಉದ್ದದ್ದು 800 ಎಂಬಿ. 1995ರಲ್ಲಿ ಬಂದ 3590ರ ಮೊದಲ ಮಾದರಿ 10 ಜಿಬಿ, ಇ ಮಾದರಿ 20 ಜಿಬಿ, ಎಚ್ ಮಾದರಿ 30 ಜಿಬಿ ಹಿಡಿಸುತ್ತವೆ. ಉದ್ದದ ಟೇಪ್ ಹಾಕಿದರೆ ಈ ಮೂರೂ ದುಪ್ಪಟ್ಟು.

ಯಾವ ಫಾರ್ಮ್ಯಾಟ್‌ನಲ್ಲಿ ಬರೆಯಬೇಕು ಎಂಬುದು ಟೇಪಿನ ಆರಂಭದಿಂದ ಬರೆಯುವಾಗಲೇ ನಿಶ್ಚಯವಾಗುತ್ತದೆ. ಟಿಎಸ್1120 ಫಾರ್ಮ್ಯಾಟ್‌ನಲ್ಲಿ ಅರ್ಧ ತುಂಬಿದ ಜೆಎ ಟೇಪನ್ನು ಟಿಎಸ್1130 ಡ್ರೈವ್‌ಗೆ ಹಾಕಿ ಮುಂದುವರಿಸಿದರೂ ಅದು 640 ಜಿಬಿಯ ಟೇಪ್ ಆಗುವುದಿಲ್ಲ. ಡ್ರೈವ್ ಬದಲಾಯಿಸಿದ ಮೇಲೆ ಲೆಕ್ಕ ದಿಕ್ಕು ತಪ್ಪುವುದಕ್ಕೆ ಇದೇ ಸಾಮಾನ್ಯ ಕಾರಣ. ಈಗ ಕೈಯಲ್ಲಿರುವ ಡ್ರೈವ್ ಯಾವುದು ಎಂಬುದರ ಮೇಲೆ ಅಲ್ಲ, ಟೇಪ್ ಯಾವ ರೆಕಾರ್ಡಿಂಗ್ ಟೆಕ್ನಾಲಜಿಯಲ್ಲಿ ಶುರುವಾಗಿದೆ ಎಂಬುದರ ಮೇಲೆ ಸಾಮರ್ಥ್ಯ ನಮೂದಿಸಿ. ಝಡ್/ಓಎಸ್‌ನ ಸಂಗ್ರಹಣೆ ನಿರ್ವಹಿಸುವ ಡಿಎಫ್‌ಎಸ್‌ಎಂಎಸ್‌ನಲ್ಲಿ ಜೆ1ಎ ಫಾರ್ಮ್ಯಾಟ್‌ನ ಹೆಸರು ಇಎಫ್‌ಎಂಟಿ1, ಟಿಎಸ್1120ರದು ಇಎಫ್‌ಎಂಟಿ2, ಟಿಎಸ್1130ರದು ಇಎಫ್‌ಎಂಟಿ3, ಟಿಎಸ್1140ರದು ಇಎಫ್‌ಎಂಟಿ4. ಜೆಎ ಕಾರ್ಟ್ರಿಡ್ಜ್ ಮೀಡಿಯಾ5 ಎಂದು, ಜೆಬಿ ಮೀಡಿಯಾ9 ಎಂದು, ಜೆಸಿ ಮೀಡಿಯಾ11 ಎಂದು ದಾಖಲಾಗಿರುತ್ತವೆ.

ಡೇಟಾ ಕ್ಲಾಸ್‌ನಲ್ಲಿ (ಡೇಟಾಸೆಟ್‌ಗಳಿಗೆ ಅನ್ವಯಿಸುವ ಗುಣಗಳ ಪಟ್ಟಿ) ಇನ್ನೊಂದು ಅಂಶವಿದೆ, ಅದನ್ನು ಬಿಟ್ಟುಬಿಡುವವರೇ ಹೆಚ್ಚು: ಪರ್ಫಾರ್ಮೆನ್ಸ್ ಸ್ಕೇಲಿಂಗ್. ಓದುವಾಗ ಬೇಗ ಸಿಗಲೆಂದು 3592 ಟೇಪಿನ ಮೊದಲ 20 ಪ್ರತಿಶತವನ್ನು ಮಾತ್ರ ಬಳಸುವಂತೆ ಇದು ಕಟ್ಟುಹಾಕುತ್ತದೆ. ಸ್ಕೇಲಿಂಗ್ ಹಾಕಿದ 300 ಜಿಬಿ ಟೇಪ್ 60 ಜಿಬಿಗೇ ತುಂಬಿತು ಎನ್ನುತ್ತದೆ, ಅದರಲ್ಲಿ ದೋಷ ಹುಡುಕಿದರೆ ಏನೂ ಸಿಗುವುದಿಲ್ಲ.

ಕೊನೆಯದಾಗಿ, ಮಾನ ಒಂದೇ ಇರಲಿ. ತಯಾರಕರ ಜಿಬಿ ಎಂದರೆ 1,000,000,000 ಬೈಟ್. ವರದಿಗಳಲ್ಲಿ ಕಾಣುವ ಕೆಬಿ, ಎಂಬಿಗಳು ಎಷ್ಟೋ ಕಡೆ 1024ರ ಲೆಕ್ಕದವು. 640 ಜಿಬಿಯನ್ನು 1024ರ ಲೆಕ್ಕಕ್ಕೆ ತಂದರೆ ಸುಮಾರು 596, 20 ಟಿಬಿಯನ್ನು ತಂದರೆ ಸುಮಾರು 18.19. ಎರಡನ್ನೂ ಬೆರೆಸಿದರೆ ಏಳರಿಂದ ಒಂಬತ್ತು ಪ್ರತಿಶತದಷ್ಟು ಇಲ್ಲದ ಜಾಗ ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತದೆ. ಇಟ್ಟುಕೊಳ್ಳುವ ಮೀಸಲನ್ನೆಲ್ಲ ನುಂಗಿಹಾಕಲು ಅಷ್ಟು ಸಾಕು. ಎಲ್ಲವನ್ನೂ ಬೈಟ್‌ಗಳಲ್ಲೇ ಬರೆದಿಟ್ಟುಕೊಂಡು ತೋರಿಸುವಾಗ ಮಾತ್ರ ಜಿಬಿಗೆ ಇಳಿಸುವುದು ಸುರಕ್ಷಿತ.

ಹಂತ 2: ಚಾನೆಲ್ ಬೈಟ್ ಬೇರೆ, ಸಾಧನದ ಬೈಟ್ ಬೇರೆ

ಇಡೀ ವಿಷಯದ ತಿರುಳು ಇಲ್ಲಿದೆ. ಪ್ರೋಗ್ರಾಂ ಬರೆದ ಬೈಟ್‌ಗಳು ಚಾನೆಲ್ (ಮೇನ್‌ಫ್ರೇಮನ್ನೂ ಸಾಧನವನ್ನೂ ಜೋಡಿಸುವ ದಾರಿ) ಮೂಲಕ ಕಂಟ್ರೋಲ್ ಯೂನಿಟ್‌ಗೆ ಹೋಗುತ್ತವೆ, ಕಂಪ್ರೆಸ್ ಆಗಿ ಟೇಪಿನ ಮೇಲೆ ಇಳಿಯುತ್ತವೆ. ಮೊದಲನೆಯದು ಚಾನೆಲ್ ಬೈಟ್, ಎರಡನೆಯದು ಸಾಧನದ ಬೈಟ್. ಟೇಪನ್ನು ತುಂಬುವುದು ಎರಡನೆಯದು ಮಾತ್ರ.

ಬಹಳ ಕಡೆ ಚಾನೆಲ್ ಬೈಟ್‌ಗಳನ್ನು ಕೂಡಿಸುತ್ತ ಹೋಗಿ, ಸಾಮರ್ಥ್ಯವನ್ನು ಒಂದು ಸರಾಸರಿ ಅನುಪಾತದಿಂದ ಗುಣಿಸಿ ಹೋಲಿಸುತ್ತಾರೆ. ಎಲ್ಲ ಡೇಟಾ ಒಂದೇ ಬಗೆಯದಾಗಿದ್ದರೆ ಈ ದಾರಿ ಒಂದಿಷ್ಟು ದೂರ ನಡೆಯುತ್ತದೆ. ಒಂದು ಡೇಟಾಸೆಟ್‌ನಲ್ಲಿ ಖಾಲಿ ಅಕ್ಷರಗಳಿಂದ ತುಂಬಿದ ಸ್ಥಿರ ಉದ್ದದ ದಾಖಲೆಗಳು, ಇನ್ನೊಂದರಲ್ಲಿ ಮೊದಲೇ ಎನ್‌ಕ್ರಿಪ್ಟ್ ಆದ ಅಥವಾ ಜಿಪ್ ಆದ ಕಡತ ಇದ್ದರೆ ಸರಾಸರಿಗೆ ಅರ್ಥವೇ ಉಳಿಯುವುದಿಲ್ಲ. ಎನ್‌ಕ್ರಿಪ್ಟ್ ಆದ ಡೇಟಾ ಕುಗ್ಗುವುದಿಲ್ಲ, ಅದರ ಅನುಪಾತ 1:1 ಎಂದೇ ಹಿಡಿಯಬೇಕು. ಗಮನಿಸಿ, ಡ್ರೈವ್ ತಾನೇ ಎನ್‌ಕ್ರಿಪ್ಟ್ ಮಾಡಿದರೆ ಈ ತೊಂದರೆ ಇಲ್ಲ. ಟಿಎಸ್1120ರಿಂದ ಈಚಿನ ಡ್ರೈವ್‌ಗಳು ಮೊದಲು ಕಂಪ್ರೆಸ್ ಮಾಡಿ ಆಮೇಲೆ ಎನ್‌ಕ್ರಿಪ್ಟ್ ಮಾಡುತ್ತವೆ. ಸರ್ವರ್ ಬದಿಯಲ್ಲೇ ಎನ್‌ಕ್ರಿಪ್ಶನ್ ಶುರು ಮಾಡಿದ ವಾರದಿಂದ ಟೇಪ್ ಬಳಕೆ ಒಮ್ಮೆಲೇ ಏರಿದ್ದರೆ ಕಾರಣ ಹುಡುಕಿ ದೂರ ಹೋಗಬೇಕಿಲ್ಲ.

ಕಂಪ್ರೆಶನ್ ನಿಜಕ್ಕೂ ಆನ್ ಆಗಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಜೆಸಿಎಲ್‌ನ ಡಿಸಿಬಿಯಲ್ಲಿ (ಡೇಟಾಸೆಟ್‌ನ ರಚನೆ ಹೇಳುವ ಭಾಗ) ಟಿಆರ್‌ಟಿಸಿಎಚ್‌ಗೆ ಕಾಂಪ್ ಅಥವಾ ನೋಕಾಂಪ್ ಎಂದು ಕೊಡಬಹುದು, ಡೇಟಾ ಕ್ಲಾಸ್‌ನಲ್ಲಿ ಕಾಂಪ್ಯಾಕ್ಷನ್ ಎಂಬ ಅಂಶವಿದೆ. ಇವೆರಡೂ ಸುಮ್ಮನಿದ್ದರೆ ಪಾರ್ಮ್‌ಲಿಬ್‌ನ (ಸಿಸ್ಟಮ್ ಹೊಂದಾಣಿಕೆಗಳ ಸಂಗ್ರಹ) ಡೆವ್‌ಸಪ್ ಸದಸ್ಯದಲ್ಲಿರುವ ವ್ಯವಸ್ಥೆ ಅನ್ವಯಿಸುತ್ತದೆ. ಹಳೆಯ ಜಾಬ್‌ನಲ್ಲಿ ಉಳಿದುಬಿಟ್ಟ ಒಂದು ನೋಕಾಂಪ್ ಇಡೀ ತಿಂಗಳ ಅಂದಾಜನ್ನು ಹಾಳುಮಾಡಬಲ್ಲದು.

ಸಾಧನದ ಬೈಟ್ ಎಲ್ಲಿ ಸಿಗುತ್ತದೆ? ಸಿಸ್ಟಮ್‌ನ ಚಟುವಟಿಕೆ ದಾಖಲಿಸುವ ಎಸ್‌ಎಂಎಫ್‌ನ 21ನೇ ಬಗೆಯ ದಾಖಲೆಯಲ್ಲಿ. ಟೇಪ್ ಇಳಿಸುವಾಗ, ಅಂದರೆ ಡಿಮೌಂಟ್ ಆಗುವಾಗ ಈ ದಾಖಲೆ ಹುಟ್ಟುತ್ತದೆ. ವಾಲ್ಯೂಮ್ ಸೀರಿಯಲ್, ತಾತ್ಕಾಲಿಕ ಮತ್ತು ಶಾಶ್ವತ ಓದು-ಬರಹ ದೋಷಗಳ ಎಣಿಕೆಯ ಜೊತೆಗೆ ಚಾನೆಲ್ ಬದಿಯ ಬೈಟ್‌ಗಳೂ ಸಾಧನದ ಬದಿಯ ಬೈಟ್‌ಗಳೂ ಅದರಲ್ಲಿ ಬೇರೆಬೇರೆಯಾಗಿ ಇರುತ್ತವೆ. ಎಸ್‌ಎಂಎಫ್ ಪಾರ್ಮ್ ಸದಸ್ಯದಲ್ಲಿ 21ನೇ ಬಗೆ ದಾಖಲಾಗುತ್ತಿದೆಯೇ ಎಂದು ಮೊದಲು ನೋಡಿ, ಅದನ್ನು ನಿಲ್ಲಿಸಿದ್ದರೆ ಮುಂದಿನ ಯಾವ ಹಂತವೂ ನಡೆಯದು.

ಈ ದಾಖಲೆಗೆ ಎರಡು ಮಿತಿಗಳಿವೆ. ವಾಲ್ಯೂಮನ್ನು ರಿಟೇನ್ ಮಾಡಿ ಡ್ರೈವ್‌ನಲ್ಲೇ ಇಟ್ಟುಕೊಂಡರೆ ಡಿಮೌಂಟ್ ಆಗುವವರೆಗೆ ದಾಖಲೆ ಬರುವುದಿಲ್ಲ, ಅಷ್ಟು ಹೊತ್ತು ನಿಮ್ಮ ಲೆಕ್ಕ ಹಿಂದೆ ಬಿದ್ದಿರುತ್ತದೆ. ಎರಡನೆಯದು, ಒಂದೇ ಮೌಂಟ್‌ನಲ್ಲಿ ಹಲವು ಡೇಟಾಸೆಟ್ ಬರೆದರೆ ಸಿಗುವುದು ಒಟ್ಟು ಮೊತ್ತ. ಒಂದು ಬಗೆಯ ಡೇಟಾದ ಅನುಪಾತವನ್ನು ಶುದ್ಧವಾಗಿ ತಿಳಿಯಬೇಕಾದರೆ ಅದೊಂದನ್ನೇ ಪ್ರತ್ಯೇಕ ಮೌಂಟ್‌ನಲ್ಲಿ ಒಮ್ಮೆ ಬರೆದು ನೋಡಬೇಕು.

ಡೇಟಾಸೆಟ್‌ವಾರು ಚಾನೆಲ್ ಬೈಟ್ ಬೇಕಿದ್ದರೆ ಐಇಸಿ205ಐ ಸಂದೇಶ ನೆರವಾಗುತ್ತದೆ. ಔಟ್‌ಪುಟ್ ಟೇಪ್ ಮುಚ್ಚುವಾಗ ಬರುವ ಈ ಸಂದೇಶದಲ್ಲಿ ಬಳಸಿದ ವಾಲ್ಯೂಮ್‌ಗಳ ಪೂರ್ತಿ ಪಟ್ಟಿಯೂ ಒಟ್ಟು ಬ್ಲಾಕ್‌ಗಳ (ಒಂದೇ ಸಲಕ್ಕೆ ಬರೆಯುವ ದಾಖಲೆಗಳ ಗುಂಪು) ಸಂಖ್ಯೆಯೂ ಇರುತ್ತವೆ. ಸ್ಥಿರ ಉದ್ದದ ದಾಖಲೆಗಳಿಗೆ ಬ್ಲಾಕ್ ಸಂಖ್ಯೆಯನ್ನು ಬ್ಲಾಕ್ ಗಾತ್ರದಿಂದ ಗುಣಿಸಿದರೆ ಸರಿಯಾದ ಉತ್ತರ. ಬದಲಾಗುವ ಉದ್ದದ ದಾಖಲೆಗಳಲ್ಲಿ ಎಲ್ಲ ಬ್ಲಾಕ್‌ಗಳೂ ತುಂಬಿರುವುದಿಲ್ಲವಾದ್ದರಿಂದ ಆ ಗುಣಲಬ್ಧ ನಿಜಕ್ಕಿಂತ ಹೆಚ್ಚೇ ಬರುತ್ತದೆ.

ಹಂತ 3: ಬ್ಲಾಕ್ ಗಾತ್ರ ತಿನ್ನುವ ಜಾಗ

ರೀಲ್ ಟೇಪ್ ಕಾಲದಲ್ಲಿ ಇದೇ ದೊಡ್ಡ ಲೆಕ್ಕವಾಗಿತ್ತು, ಏಕೆಂದು ಅಂಕಿಗಳಲ್ಲೇ ನೋಡಬಹುದು. 2400 ಅಡಿ ಟೇಪ್ ಎಂದರೆ 28,800 ಇಂಚು. 6250 ಬಿಪಿಐ (ಇಂಚಿಗೆ 6250 ಬೈಟ್) ಸಾಂದ್ರತೆಯಲ್ಲಿ ಎರಡು ಬ್ಲಾಕ್‌ಗಳ ನಡುವೆ 0.3 ಇಂಚು ಖಾಲಿ ಬಿಡುತ್ತಾರೆ. 800 ಬೈಟಿನ ಬ್ಲಾಕ್ 0.128 ಇಂಚು ಹಿಡಿಯುತ್ತದೆ, ಅಂತರ ಸೇರಿ 0.428. ಇಡೀ ಟೇಪ್‌ನಲ್ಲಿ ಸುಮಾರು 67,290 ಬ್ಲಾಕ್, ಅಂದರೆ 54 ಎಂಬಿಗಿಂತ ಸ್ವಲ್ಪ ಕಡಿಮೆ. ಅದೇ ಟೇಪ್‌ನಲ್ಲಿ 32,760 ಬೈಟಿನ ಬ್ಲಾಕ್ ಬಳಸಿದರೆ 5.24 ಇಂಚಿಗೆ 0.3 ಸೇರಿ 5.54, ಒಟ್ಟು ಸುಮಾರು 5,197 ಬ್ಲಾಕ್, 170 ಎಂಬಿ. ಟೇಪ್ ಅದೇ, ಡ್ರೈವ್ ಅದೇ, ಹಿಡಿಸಿದ್ದು ಮೂರು ಪಟ್ಟಿಗೂ ಹೆಚ್ಚು.

ಕಂಪ್ರೆಶನ್ ಇರುವ ಡ್ರೈವ್‌ಗಳು ಸಣ್ಣ ಬ್ಲಾಕ್‌ಗಳನ್ನು ಒಟ್ಟುಗೂಡಿಸಿ ದೊಡ್ಡದಾಗಿ ಟೇಪಿಗೆ ಇಳಿಸುವುದರಿಂದ ಅಂತರದ ನಷ್ಟ ಈಗ ಹೆಚ್ಚುಕಡಿಮೆ ಇಲ್ಲ. ಆದರೆ ಸಣ್ಣ ಬ್ಲಾಕ್ ಬೇರೆ ದಾರಿಯಿಂದ ತೊಂದರೆ ಕೊಡುತ್ತದೆ. 3480 ಮತ್ತು 3490 ಬಗೆಯ ಬ್ಲಾಕ್ ಗುರುತಿನಲ್ಲಿ ತಾರ್ಕಿಕ ಬ್ಲಾಕ್ ಸಂಖ್ಯೆಗೆ 22 ಬಿಟ್ ಮಾತ್ರ ಇದೆ, ಅಂದರೆ ಗರಿಷ್ಠ 4,194,304 ಬ್ಲಾಕ್. 80 ಬೈಟಿನ ಬ್ಲಾಕ್‌ಗಳಾದರೆ ಅಷ್ಟರಲ್ಲಿ ಹಿಡಿಸುವುದು ಸುಮಾರು 335 ಎಂಬಿ. ಉದ್ದದ 3490ಇ ಕಾರ್ಟ್ರಿಡ್ಜ್‌ನ 800 ಎಂಬಿಯಲ್ಲಿ ಅರ್ಧವೂ ಬಳಕೆಯಾಗಿರುವುದಿಲ್ಲ, ಸಂಖ್ಯೆ ಮುಗಿದಿರುತ್ತದೆ. ಬೈಟ್ ಲೆಕ್ಕ ಇನ್ನೂ ಜಾಗ ಇದೆ ಎನ್ನುತ್ತಿರುವಾಗಲೇ ವಾಲ್ಯೂಮ್ ಬದಲಾದರೆ ಬ್ಲಾಕ್ ಸಂಖ್ಯೆಯನ್ನೂ ಒಮ್ಮೆ ನೋಡಿ.

ಪರಿಹಾರ ಸುಲಭ. ಬ್ಲಾಕ್ ಗಾತ್ರವನ್ನು ಜೆಸಿಎಲ್‌ನಲ್ಲಾಗಲಿ ಪ್ರೋಗ್ರಾಂನಲ್ಲಾಗಲಿ ಬರೆಯದೆ ಸೊನ್ನೆ ಬಿಟ್ಟರೆ ಸಿಸ್ಟಮ್ ತಾನೇ ಸೂಕ್ತ ಗಾತ್ರ ಆರಿಸುತ್ತದೆ. 32,760ಕ್ಕಿಂತ ದೊಡ್ಡ ಬ್ಲಾಕ್‌ಗೆ ಅಡ್ಡಿಯಿಲ್ಲದ ಪ್ರೋಗ್ರಾಂಗಳಲ್ಲಿ ಬ್ಲಾಕ್ ಸೈಜ್ ಲಿಮಿಟ್ ಕೊಟ್ಟು 3590 ಮತ್ತು 3592ರಲ್ಲಿ 256 ಕೆಬಿವರೆಗೆ ಹೋಗಬಹುದು. ಹಳೆಯ ಪ್ರೋಗ್ರಾಂ ಆ ಟೇಪನ್ನು ಓದಬೇಕಿದ್ದರೆ ಮಾತ್ರ 32,760ರಲ್ಲೇ ನಿಲ್ಲಿ.

ಹಂತ 4: ಲೆಕ್ಕದ ಪುಸ್ತಕ

ಪ್ರತಿ ವಾಲ್ಯೂಮಿಗೂ ಒಂದು ಸಾಲು ಇಡಿ. ಅದರಲ್ಲಿ ಇರಲೇಬೇಕಾದದ್ದು ಇಷ್ಟು:

- ವಾಲ್ಯೂಮ್ ಸೀರಿಯಲ್, ಮೀಡಿಯಾ ಬಗೆ, ರೆಕಾರ್ಡಿಂಗ್ ಟೆಕ್ನಾಲಜಿ, ಸ್ಕೇಲಿಂಗ್ ಇದೆಯೇ
- ಆ ಜೋಡಿಗೆ ನೀವು ಒಪ್ಪಿಕೊಂಡ ಪರಿಣಾಮಕಾರಿ ಸಾಮರ್ಥ್ಯ, ಬೈಟ್‌ಗಳಲ್ಲಿ
- ಇಲ್ಲಿಯವರೆಗಿನ ಚಾನೆಲ್ ಬೈಟ್ ಮತ್ತು ಸಾಧನದ ಬೈಟ್
- ಕೊನೆಯ ಫೈಲ್ ಕ್ರಮಸಂಖ್ಯೆ, ಒಟ್ಟು ಬ್ಲಾಕ್ ಸಂಖ್ಯೆ
- ತಾತ್ಕಾಲಿಕ ಬರಹ ದೋಷಗಳ ಎಣಿಕೆ
- ಸ್ಥಿತಿ: ತೆರೆದಿದೆ, ತುಂಬಿದೆ, ಅಥವಾ ಅನುಮಾನಾಸ್ಪದ

ಉಳಿದ ಜಾಗದ ಸೂತ್ರ: ಪರಿಣಾಮಕಾರಿ ಸಾಮರ್ಥ್ಯದಿಂದ ಸಾಧನದ ಬೈಟ್ ಕಳೆಯಿರಿ, ಅದರಿಂದ ಮೀಸಲು ಕಳೆಯಿರಿ. ಮೀಸಲಿಗೆ 3 ಪ್ರತಿಶತ ಸರಿಯಾದ ಆರಂಭ.

ಒಂದು ಉದಾಹರಣೆ ಹಾಕಿ ನೋಡೋಣ. ಟಿಎಸ್1130ರಲ್ಲಿ ಶುರುವಾದ ಜೆಎ ಟೇಪ್, ಸಾಮರ್ಥ್ಯ 640 ಜಿಬಿ. ಈವರೆಗೆ ಚಾನೆಲ್ ಬೈಟ್ 900 ಜಿಬಿ, ಸಾಧನದ ಬೈಟ್ 360 ಜಿಬಿ, ಅಂದರೆ ವಾಲ್ಯೂಮಿನ ಸರಾಸರಿ ಅನುಪಾತ 2.5. ಉಳಿದದ್ದು 280 ಜಿಬಿ, 3 ಪ್ರತಿಶತ ಮೀಸಲು 19.2 ಜಿಬಿ, ಕಳೆದರೆ 260.8 ಜಿಬಿ. ಮುಂದೆ ಬರೆಯಬೇಕಾದದ್ದು 500 ಜಿಬಿಯ ಡೇಟಾಸೆಟ್. ಅದು ಹಿಂದಿನ ಓಟಗಳಲ್ಲಿ 2.5ರಂತೆ ಕುಗ್ಗಿದ್ದರೆ 200 ಜಿಬಿ ಸಾಕು, ಹಿಡಿಸುತ್ತದೆ. 1.8ರಂತೆ ಕುಗ್ಗುವ ಡೇಟಾ ಆದರೆ ಸುಮಾರು 278 ಜಿಬಿ ಬೇಕು, ಹಿಡಿಸುವುದಿಲ್ಲ. ಎನ್‌ಕ್ರಿಪ್ಟ್ ಆಗಿ ಬಂದಿದ್ದರೆ 500 ಜಿಬಿಯೂ ಬೇಕು, ಕೇಳುವುದೇ ಬೇಡ. ಇಲ್ಲಿ ಬಳಸಬೇಕಾದದ್ದು ಬರಲಿರುವ ಡೇಟಾಸೆಟ್‌ನ ಸ್ವಂತ ಅನುಪಾತ, ವಾಲ್ಯೂಮಿನ ಸರಾಸರಿಯಲ್ಲ. ಹಾಗಾಗಿ ವಾಲ್ಯೂಮ್ ಪುಸ್ತಕದ ಪಕ್ಕದಲ್ಲಿ ಡೇಟಾಸೆಟ್ ಬಗೆವಾರು ಅನುಪಾತದ ಇನ್ನೊಂದು ಚಿಕ್ಕ ಪಟ್ಟಿಯೂ ಬೇಕೇ ಬೇಕು. ಅದರಲ್ಲಿ ಕೊನೆಯ ಕೆಲವು ಓಟಗಳ ಅತಿ ಕಡಿಮೆ ಅನುಪಾತವನ್ನು ಹಿಡಿದು ಲೆಕ್ಕ ಹಾಕಿದರೆ ಅಂದಾಜು ತಪ್ಪಿದರೂ ಸುರಕ್ಷಿತ ಬದಿಗೇ ತಪ್ಪುತ್ತದೆ.

ಹಂತ 5: ತುಂಬಿದ ಟೇಪ್‌ಗಳಿಂದ ಲೆಕ್ಕ ತಿದ್ದುವುದು

ಕಾಗದದ ಮೇಲಿನ ಸಾಮರ್ಥ್ಯಕ್ಕೂ ನಿಜಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಬರೆದ ತಕ್ಷಣ ಡ್ರೈವ್ ಅದನ್ನು ಓದಿ ಪರೀಕ್ಷಿಸುತ್ತದೆ, ಸರಿಯಿಲ್ಲದಿದ್ದರೆ ಮುಂದಿನ ಜಾಗದಲ್ಲಿ ಮತ್ತೆ ಬರೆಯುತ್ತದೆ. ಹೀಗೆ ಬಿಟ್ಟು ಹೋದ ಜಾಗ ಬೈಟ್ ಎಣಿಕೆಯಲ್ಲಿ ಕಾಣುವುದಿಲ್ಲ, ಆದರೆ ಟೇಪಿನ ಉದ್ದದಲ್ಲಿ ಖರ್ಚಾಗಿರುತ್ತದೆ. ಹೆಡ್ ಕೊಳೆಯಾಗಿದ್ದರೆ, ಟೇಪ್ ಸವೆದಿದ್ದರೆ ಈ ಖರ್ಚು ಏರುತ್ತದೆ.

ಆದ್ದರಿಂದ ಕೊನೆಯವರೆಗೆ ತುಂಬಿ ಮುಂದಿನ ವಾಲ್ಯೂಮಿಗೆ ದಾಟಿದ ಟೇಪ್‌ಗಳನ್ನು ಮಾತ್ರ ಆರಿಸಿ. ಫೈಲ್ ಅಲ್ಲೇ ಮುಗಿದಿದ್ದರೆ ಬಾಲದ ಲೇಬಲ್ ಇಓಎಫ್1 ಆಗಿರುತ್ತದೆ, ಟೇಪ್ ಮುಗಿದು ಮುಂದಕ್ಕೆ ಹೋಗಿದ್ದರೆ ಇಓವಿ1 ಆಗಿರುತ್ತದೆ. ನಮಗೆ ಬೇಕಾದವು ಎರಡನೆಯವು. ಪ್ರೋಗ್ರಾಂ ಎಫ್‌ಇಓವಿ ಮ್ಯಾಕ್ರೋ ಬಳಸಿ ಒತ್ತಾಯದಿಂದ ವಾಲ್ಯೂಮ್ ಮುಗಿಸಿದ್ದರೂ ಇಓವಿ1 ಬರುತ್ತದೆ, ಅಂಥವನ್ನು ಬಿಟ್ಟುಬಿಡಿ. ಉಳಿದವುಗಳ ಸಾಧನದ ಬೈಟ್‌ಗಳನ್ನು ಮೀಡಿಯಾ ಮತ್ತು ಫಾರ್ಮ್ಯಾಟ್ ಜೋಡಿಯಂತೆ ವಿಂಗಡಿಸಿ ಏರಿಕೆ ಕ್ರಮದಲ್ಲಿ ಜೋಡಿಸಿ. ಸರಾಸರಿ ತೆಗೆದುಕೊಳ್ಳಬೇಡಿ, ಸರಾಸರಿ ಹಿಡಿದರೆ ಅರ್ಧದಷ್ಟು ಟೇಪ್‌ಗಳು ಅಂದಾಜಿಗಿಂತ ಮೊದಲೇ ಮುಗಿಯುತ್ತವೆ. ಪಟ್ಟಿಯ ಕೆಳತುದಿಯ ಸಂಖ್ಯೆಯನ್ನೇ ಪರಿಣಾಮಕಾರಿ ಸಾಮರ್ಥ್ಯವೆಂದು ಇಟ್ಟುಕೊಳ್ಳಿ. ಉಳಿದವುಗಳಿಗಿಂತ ಬಹಳ ಕೆಳಗೆ ಒಂದೆರಡು ಟೇಪ್ ನಿಂತಿದ್ದರೆ ಅವು ಲೆಕ್ಕಕ್ಕಲ್ಲ, ತಪಾಸಣೆಗೆ. ಅವುಗಳ ತಾತ್ಕಾಲಿಕ ಬರಹ ದೋಷದ ಎಣಿಕೆ ನೋಡಿ. ದೋಷ ಟೇಪ್‌ನ ಜೊತೆಗೇ ಡ್ರೈವ್‌ನಿಂದ ಡ್ರೈವ್‌ಗೆ ಹೋಗುತ್ತಿದ್ದರೆ ಟೇಪ್ ತೆಗೆದುಹಾಕಿ, ಒಂದೇ ಡ್ರೈವ್‌ನಲ್ಲಿ ಹಲವು ಟೇಪ್‌ಗಳಿಗೆ ಕಾಣಿಸುತ್ತಿದ್ದರೆ ಡ್ರೈವ್ ಶುಚಿ ಮಾಡಿಸಿ.

ಟೇಪ್‌ಗಳ ದಾಖಲೆ ಇಡುವ ಡಿಎಫ್‌ಎಸ್‌ಎಂಎಸ್‌ಆರ್‌ಎಂಎಂ ಇದ್ದರೆ ಲಿಸ್ಟ್‌ವಾಲ್ಯೂಮ್ ಆದೇಶದ ಅಂಕಿಅಂಶ ಭಾಗದಲ್ಲಿ ವಾಲ್ಯೂಮ್ ಬಳಕೆ, ಸಾಮರ್ಥ್ಯ, ತುಂಬಿದ ಪ್ರತಿಶತ, ದೋಷಗಳ ಎಣಿಕೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಇದು ಅನುಕೂಲ, ಆದರೆ ನಂಬುವ ಮೊದಲು ತುಂಬಿದ ಒಂದು ಟೇಪಿನ ಬಳಕೆಯ ಸಂಖ್ಯೆಯನ್ನು ಅದರ 21ನೇ ಬಗೆಯ ದಾಖಲೆಗಳ ಮೊತ್ತದೊಂದಿಗೆ ಹೋಲಿಸಿ. ಆ ಸಂಖ್ಯೆ ಚಾನೆಲ್ ಬದಿಯದೋ ಸಾಧನದ ಬದಿಯದೋ ಎಂಬುದು ಒಂದೇ ಹೋಲಿಕೆಯಲ್ಲಿ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಎರಡೂ ಪಟ್ಟಿಗಳನ್ನು ತಾಳೆ ನೋಡಿ.

ಹಂತ 6: ಬರೆಯುತ್ತಿರುವಾಗಲೇ ಸ್ಥಾನ ತಿಳಿಯುವುದು

ಅಸೆಂಬ್ಲರ್‌ನಲ್ಲಿ ಬರೆಯುವವರಿಗೆ ಇನ್ನೊಂದು ದಾರಿ ತೆರೆದಿದೆ. ಬಿಸ್ಯಾಮ್‌ನಲ್ಲಿ (ಬ್ಲಾಕ್ ಬ್ಲಾಕಾಗಿ ಓದಿ ಬರೆಯುವ ಸಿಸ್ಟಮ್ ಸೇವೆ) ನೋಟ್ ಮ್ಯಾಕ್ರೋಗೆ ಟೈಪ್ ಆಬ್ಸ್ ಕೊಟ್ಟರೆ ಭೌತಿಕ ಬ್ಲಾಕ್ ಗುರುತು ಸಿಗುತ್ತದೆ. ಎಕ್ಸ್‌ಸಿಪಿ (ಚಾನೆಲ್ ಆದೇಶಗಳನ್ನು ಪ್ರೋಗ್ರಾಂ ತಾನೇ ಕೊಡುವ ವಿಧಾನ) ಬಳಸುವವರು ಹೆಕ್ಸ್ 22 ಸಂಕೇತದ ರೀಡ್ ಬ್ಲಾಕ್ ಐಡಿ ಆದೇಶವನ್ನು ನೇರವಾಗಿ ಕಳಿಸಬಹುದು. ಅದು 8 ಬೈಟ್ ಹಿಂದಿರುಗಿಸುತ್ತದೆ. ಮೊದಲ 4 ಬೈಟ್ ಚಾನೆಲ್ ಎಲ್ಲಿದೆ ಎಂಬುದು, ಮುಂದಿನ 4 ಬೈಟ್ ಟೇಪ್ ನಿಜಕ್ಕೂ ಎಲ್ಲಿದೆ ಎಂಬುದು. ಇವೆರಡರ ವ್ಯತ್ಯಾಸವೇ ಇನ್ನೂ ಬಫರ್‌ನಲ್ಲಿ ಕುಳಿತಿರುವ ಬ್ಲಾಕ್‌ಗಳು.

3480 ಮತ್ತು 3490 ಬಗೆಯಲ್ಲಿ ಈ 4 ಬೈಟ್‌ಗಳ ಒಳಗೇ ಭೌತಿಕ ಸ್ಥಾನದ ಸುಳಿವಿದೆ. ಮೊದಲ ಬಿಟ್ ದಿಕ್ಕನ್ನು, ಮುಂದಿನ 7 ಬಿಟ್ ಟೇಪಿನ ಭಾಗದ ಸಂಖ್ಯೆಯನ್ನು, ಆಮೇಲಿನ 2 ಬಿಟ್ ಫಾರ್ಮ್ಯಾಟನ್ನು, ಕೊನೆಯ 22 ಬಿಟ್ ತಾರ್ಕಿಕ ಬ್ಲಾಕ್ ಸಂಖ್ಯೆಯನ್ನು ಹೇಳುತ್ತವೆ. 3490ಇ ಟೇಪಿನ 36 ಟ್ರ್ಯಾಕ್‌ಗಳಲ್ಲಿ 18 ಹೋಗುವಾಗ, 18 ಹಿಂದಿರುಗುವಾಗ ತುಂಬುತ್ತವೆ. ಆದ್ದರಿಂದ ದಿಕ್ಕಿನ ಬಿಟ್ 0 ಇರುವಾಗ ಭಾಗದ ಸಂಖ್ಯೆ ಏರುತ್ತದೆ, 1 ಆದ ಮೇಲೆ ಇಳಿಯುತ್ತದೆ. ತಿರುವಿನಲ್ಲಿ ಕಂಡ ಗರಿಷ್ಠ ಭಾಗದ ಸಂಖ್ಯೆಯನ್ನು ತುಂಬಿದ ಟೇಪೊಂದರಿಂದ ಅಳೆದಿಟ್ಟುಕೊಳ್ಳಿ. ಹೋಗುವಾಗ ಬಳಕೆಯ ಭಾಗ ಎಂದರೆ ಈಗಿನ ಸಂಖ್ಯೆಯನ್ನು ಗರಿಷ್ಠದ ಇಮ್ಮಡಿಯಿಂದ ಭಾಗಿಸಿದ್ದು, ಬರುವಾಗ ಅದೇ ಭಾಗಲಬ್ಧವನ್ನು 1ರಿಂದ ಕಳೆದದ್ದು. ದಿಕ್ಕಿನ ಬಿಟ್ ನೋಡದೆ ಭಾಗದ ಸಂಖ್ಯೆ ಮಾತ್ರ ನೋಡಿದರೆ ಮುಗಿಯಲು ಬಂದ ಟೇಪ್ ಆಗಷ್ಟೇ ಶುರುವಾದಂತೆ ಕಾಣುತ್ತದೆ. ಈ ವಿಧಾನದ ದೊಡ್ಡ ಗುಣ ಎಂದರೆ ಕಂಪ್ರೆಶನ್ ಅನುಪಾತ ಎಷ್ಟೇ ಇರಲಿ, ಕೆಟ್ಟ ಜಾಗ ಎಷ್ಟೇ ದಾಟಿರಲಿ, ಉತ್ತರ ಬರುವುದು ಟೇಪಿನ ಉದ್ದದಿಂದ.

3590ರಿಂದ ಮುಂದೆ ಈ ಸೌಲಭ್ಯ ಇಲ್ಲ. ಅಲ್ಲಿ 32 ಬಿಟ್‌ಗಳೂ ತಾರ್ಕಿಕ ಬ್ಲಾಕ್ ಸಂಖ್ಯೆಗೇ ಮೀಸಲು, ಹಾಗಾಗಿ ಹಂತ 4ರ ಪುಸ್ತಕವೇ ಗತಿ. ಎರಡು ಕಡೆಯೂ ಪ್ರತಿ ಬ್ಲಾಕಿಗೂ ಸ್ಥಾನ ಕೇಳುತ್ತ ಕೂರಬೇಡಿ, ಕೆಲವು ಸಾವಿರ ಬ್ಲಾಕ್‌ಗಳಿಗೊಮ್ಮೆ ಕೇಳಿದರೆ ಧಾರಾಳ.

ಹಂತ 7: ಟೇಪ್ ಮುಗಿಯುವ ಕ್ಷಣ

ಟೇಪಿನ ಭೌತಿಕ ತುದಿಗಿಂತ ಮೊದಲೇ ತಾರ್ಕಿಕ ತುದಿ ಎಂಬ ಗಡಿ ಇದೆ. ಅದನ್ನು ದಾಟಿದ ಬರಹಕ್ಕೆ ಡ್ರೈವ್ ಯೂನಿಟ್ ಎಕ್ಸೆಪ್ಶನ್ ಕೊಡುತ್ತದೆ. ಇದು ದೋಷವಲ್ಲ, ಎಚ್ಚರಿಕೆ. ಬರೆದ ಬ್ಲಾಕ್ ಕಳೆದುಹೋಗಿರುವುದಿಲ್ಲ, ಬಫರ್‌ನಲ್ಲಿ ಉಳಿದದ್ದನ್ನೂ ಬಾಲದ ಲೇಬಲ್‌ಗಳನ್ನೂ ಬರೆಯಲು ಜಾಗ ಉಳಿದಿರುತ್ತದೆ.

ಕ್ಯುಸ್ಯಾಮ್ (ದಾಖಲೆ ದಾಖಲೆಯಾಗಿ ಓದಿ ಬರೆಯುವ ಸೇವೆ), ಬಿಸ್ಯಾಮ್ ಬಳಸುವ ಪ್ರೋಗ್ರಾಂಗೆ ಇದು ತಿಳಿಯುವುದೇ ಇಲ್ಲ. ಸಿಸ್ಟಮ್‌ನ ಇಓವಿ (ವಾಲ್ಯೂಮಿನ ಅಂತ್ಯ ನಿಭಾಯಿಸುವ) ಭಾಗ ಟೇಪ್ ಮಾರ್ಕ್ (ಗಡಿ ಗುರುತು) ಹಾಕಿ, ಇಓವಿ1 ಮತ್ತು ಇಓವಿ2 ಬರೆದು, ಮತ್ತೆ ಟೇಪ್ ಮಾರ್ಕ್ ಹಾಕಿ, ಐಇಸಿ501ಎ ಮೂಲಕ ಮುಂದಿನ ವಾಲ್ಯೂಮ್ ಕೇಳುತ್ತದೆ. ಎಕ್ಸ್‌ಸಿಪಿ ಬಳಸುವವರು ಮಾತ್ರ ಎಚ್ಚರದಿಂದಿರಬೇಕು. ಯೂನಿಟ್ ಎಕ್ಸೆಪ್ಶನ್ ಬಂದ ಕೂಡಲೇ ಹೊಸ ಡೇಟಾ ನಿಲ್ಲಿಸಿ, ಬಫರ್ ಖಾಲಿಯಾಗುವಂತೆ ಹೆಕ್ಸ್ 43ರ ಸಿಂಕ್ರೊನೈಸ್ ಆದೇಶ ಕೊಟ್ಟು, ಆಮೇಲೆ ಇಓವಿಗೆ ಹಸ್ತಾಂತರಿಸಬೇಕು. ಜಾಗ ಇನ್ನೂ ಸ್ವಲ್ಪ ಇದೆಯಲ್ಲ ಎಂದು ಮುಂದುವರಿಸಿದರೆ ಭೌತಿಕ ತುದಿ ಬಂದು ಲೇಬಲ್ ಬರೆಯಲೂ ಆಗದೆ ಇಡೀ ಫೈಲ್ ಅನಾಥವಾಗುತ್ತದೆ.

ಎಕ್ಸ್‌ಸಿಪಿಯಲ್ಲಿ ಡಿಸಿಬಿಯ ಬ್ಲಾಕ್ ಎಣಿಕೆಯನ್ನು ಇಡಬೇಕಾದದ್ದೂ ನಿಮ್ಮ ಪ್ರೋಗ್ರಾಂನ ಹೊಣೆ. ಬಾಲದ ಲೇಬಲ್‌ಗೆ ಹೋಗುವುದು ಇದೇ ಸಂಖ್ಯೆ. ಅದು ತಪ್ಪಾಗಿದ್ದರೆ ಬರೆಯುವ ದಿನ ಏನೂ ಗೊತ್ತಾಗುವುದಿಲ್ಲ, ಓದುವ ದಿನ 237-04 ಅಬೆಂಡ್ (ಜಾಬ್ ಅಸಹಜವಾಗಿ ನಿಲ್ಲುವುದು) ಬರುತ್ತದೆ.

ಇನ್ನು ಜೆಸಿಎಲ್. ವಾಲ್ಯೂಮ್ ಕೌಂಟ್ ಕೊಡದಿದ್ದರೆ ಒಂದು ಡೇಟಾಸೆಟ್‌ಗೆ ಸಿಸ್ಟಮ್ 5 ವಾಲ್ಯೂಮ್‌ವರೆಗೆ ಮಾತ್ರ ಬಿಡುತ್ತದೆ. ಆರನೆಯದು ಬೇಕಾದ ಕ್ಷಣ 837-08 ಅಬೆಂಡ್. ಐದು ಟೇಪ್ ತುಂಬುವಷ್ಟು ಹೊತ್ತು ಓಡಿದ ಜಾಬ್ ಹೀಗೆ ಬಿದ್ದರೆ ಮೊದಲಿನಿಂದ ಓಡಿಸಬೇಕು. ಕೌಂಟ್‌ಗೆ ಗರಿಷ್ಠ ಮಿತಿ 255. ಬೇಕೆನಿಸಿದ್ದಕ್ಕಿಂತ ಉದಾರವಾಗಿ ಕೊಡಿ, ಬಳಸದ ಟೇಪ್‌ಗಳನ್ನು ಅದು ಎತ್ತಿಟ್ಟುಕೊಳ್ಳುವುದಿಲ್ಲ.

ಹಂತ 8: ಒಂದೇ ಟೇಪಿಗೆ ಹಲವು ಡೇಟಾಸೆಟ್

ಲೇಬಲ್ ಅಂಶದಲ್ಲಿ ಫೈಲ್ ಕ್ರಮಸಂಖ್ಯೆ ಕೊಟ್ಟು ಒಂದರ ಹಿಂದೆ ಒಂದು ಬರೆಯುವಾಗ ಮರೆಯಬಾರದ ನಿಯಮ ಒಂದೇ: ನಡುವಿನ ಡೇಟಾಸೆಟ್‌ನ ಅವಧಿ ಮುಗಿದರೂ ಅದರ ಜಾಗ ಮರಳಿ ಸಿಗುವುದಿಲ್ಲ. ಮೂರನೇ ಫೈಲಿನ ಮೇಲೆ ಹೊಸದನ್ನು ಬರೆದರೆ ನಾಲ್ಕರಿಂದ ಮುಂದಿನದೆಲ್ಲ ಹೋಯಿತು. ಬಿದ್ದ ಫೈಲಿನ ಜಾಗ ಮರುಬಳಸುವ ಪ್ರಸಂಗ (ಕೊನೆಯ ಭಾಗ ನೋಡಿ) ಬಿಟ್ಟರೆ ಪುಸ್ತಕದಲ್ಲಿ ಉಳಿದ ಜಾಗವನ್ನು ಹೆಚ್ಚಿಸುವ ಒಂದೇ ಘಟನೆ ಎಂದರೆ ಇಡೀ ವಾಲ್ಯೂಮ್ ಸ್ಕ್ರ್ಯಾಚ್ (ಮರುಬಳಕೆಗೆ ಮುಕ್ತ) ಆಗಿ ಮೊದಲಿನಿಂದ ಬರೆಯಲ್ಪಡುವುದು. ಒಮ್ಮೆ ಮಾತ್ರ ಬರೆಯಬಹುದಾದ ವರ್ಮ್ ಕಾರ್ಟ್ರಿಡ್ಜ್‌ನಲ್ಲಿ ಅದೂ ಇಲ್ಲ, ಅರ್ಧಕ್ಕೆ ಬಿದ್ದ ಜಾಬ್ ಬರೆದದ್ದೂ ಶಾಶ್ವತ ಖರ್ಚು.

ಬಳಸದ ಡೇಟಾಸೆಟ್‌ಗಳನ್ನು ಟೇಪಿಗೆ ಸಾಗಿಸುವ ಡಿಎಫ್‌ಎಸ್‌ಎಂಎಸ್‌ಎಚ್‌ಎಸ್‌ಎಂ ಈ ಲೆಕ್ಕವನ್ನು ತಾನೇ ಇಡುತ್ತದೆ, ನೀವು ಹೊಂದಿಸಬೇಕಾದದ್ದು ಎರಡು. ಟೇಪ್ ಯುಟಿಲೈಸೇಶನ್‌ನ ಪರ್ಸೆಂಟ್‌ಫುಲ್ ತಾನಾಗಿ 97 ಇರುತ್ತದೆ, ಅಲ್ಲಿಗೆ ಬಂದ ಟೇಪನ್ನು ತುಂಬಿದೆ ಎಂದು ಗುರುತಿಸುತ್ತದೆ. ಟೇಪ್ ಸ್ಪ್ಯಾನ್ ಸೈಜ್ ಎಂಬುದು ಎಂಬಿಯಲ್ಲಿ ಕೊಡುವ ಮಿತಿ. ಬರಲಿರುವ ಡೇಟಾಸೆಟ್ ಉಳಿದ ಜಾಗದಲ್ಲಿ ಹಿಡಿಸದಿದ್ದು, ಉಳಿದ ಜಾಗ ಈ ಮಿತಿಯೊಳಗಿದ್ದರೆ, ಟೇಪನ್ನು ಅಲ್ಲಿಗೇ ಮುಚ್ಚಿ ಹೊಸದರಲ್ಲಿ ಶುರುಮಾಡುತ್ತದೆ. ಮಿತಿ ದೊಡ್ಡದಾದಷ್ಟೂ ಎರಡು ಟೇಪ್‌ಗೆ ಹರಡುವ ಡೇಟಾಸೆಟ್‌ಗಳು ಕಡಿಮೆ, ವ್ಯರ್ಥವಾಗುವ ಜಾಗ ಹೆಚ್ಚು. ಮರಳಿ ಓದುವ ಕೆಲಸ ಹೆಚ್ಚಿರುವಲ್ಲಿ ಮಿತಿ ಏರಿಸುವುದೇ ಒಳ್ಳೆಯದು, ಒಂದು ಡೇಟಾಸೆಟ್‌ಗೆ ಎರಡು ಟೇಪ್ ಹೊಂದಿಸುವುದಕ್ಕಿಂತ ಕೆಲವು ಜಿಬಿ ಬಿಡುವುದು ಅಗ್ಗ. ಅವಧಿ ಮುಗಿದು ಪೊಳ್ಳಾದ ಟೇಪ್‌ಗಳನ್ನು ರೀಸೈಕಲ್ ಮೂಲಕ ಒಟ್ಟುಗೂಡಿಸಿ.

ಟಿಎಸ್7700ರಂಥ ವರ್ಚುವಲ್ ಟೇಪ್‌ನಲ್ಲಿ (ಡಿಸ್ಕ್‌ನಲ್ಲಿದ್ದರೂ ಟೇಪಿನಂತೆ ಕಾಣುವ ವಾಲ್ಯೂಮ್) ಸಾಮರ್ಥ್ಯ ನಿರ್ಧರಿಸುವುದು ಟೇಪ್ ಅಲ್ಲ, ಡೇಟಾ ಕ್ಲಾಸ್‌ನಲ್ಲಿ ಕೊಟ್ಟ ತಾರ್ಕಿಕ ಗಾತ್ರ: 400, 800, 1000, 2000, 4000, 6000 ಎಂಬಿ ಹೀಗೆ. ಕಂಪ್ರೆಸ್ ಆದ ಮೇಲಿನ ಗಾತ್ರ ಅದು, ಆದ್ದರಿಂದ ಇಲ್ಲಿಯೂ ಅನುಪಾತದ ಪಟ್ಟಿ ಬೇಕು. 400 ಎಂಬಿ ಗಾತ್ರಕ್ಕೆ 2.5ರಂತೆ ಕುಗ್ಗುವ 12 ಜಿಬಿ ಡೇಟಾಸೆಟ್ ಕಳಿಸಿದರೆ 12 ವಾಲ್ಯೂಮ್ ಬೇಕು. 837-08 ಹೆಚ್ಚಾಗಿ ಕಾಣಿಸಿಕೊಳ್ಳುವುದು ಇಂಥ ಕಡೆಗಳಲ್ಲೇ.

ಲೆಕ್ಕ ಮತ್ತು ಟೇಪ್ ಹೊಂದದಿದ್ದಾಗ

ಅಂದಾಜಿಗಿಂತ ಬಹಳ ಮೊದಲೇ ಟೇಪ್ ಮುಗಿದರೆ ಈ ಕ್ರಮದಲ್ಲಿ ನೋಡಿ: ಸ್ಕೇಲಿಂಗ್, ಶುರುವಾದ ಫಾರ್ಮ್ಯಾಟ್, ನೋಕಾಂಪ್, ಎನ್‌ಕ್ರಿಪ್ಟ್ ಆದ ಡೇಟಾ, ಬ್ಲಾಕ್ ಸಂಖ್ಯೆಯ ಮಿತಿ, ಕೊನೆಗೆ ತಾತ್ಕಾಲಿಕ ಬರಹ ದೋಷ. ದೋಷವನ್ನು ಕೊನೆಯಲ್ಲಿ ಇಟ್ಟಿರುವುದು ಉದ್ದೇಶಪೂರ್ವಕ, ಸರಿಯಿರುವ ಟೇಪನ್ನು ಕೆಟ್ಟಿದೆ ಎಂದು ಎಸೆಯುವುದು ಈ ಪಟ್ಟಿಯ ಮೊದಲ ನಾಲ್ಕನ್ನು ನೋಡದೇ ಇದ್ದಾಗ.

ಅಂದಾಜಿಗಿಂತ ಹೆಚ್ಚು ಹಿಡಿಸುತ್ತಿದ್ದರೆ ಚಾನೆಲ್ ಬೈಟನ್ನೇ ಸಾಧನದ ಬೈಟ್ ಎಂದು ಕೂಡಿಸುತ್ತಿದ್ದೀರಿ, ಅಥವಾ ಸ್ಕ್ರ್ಯಾಚ್ ಆದ ವಾಲ್ಯೂಮಿನ ಹಳೆಯ ಮೊತ್ತವನ್ನು ಸೊನ್ನೆ ಮಾಡಿಲ್ಲ.

ಬರೆಯುವ ನಡುವೆ ಜಾಬ್ ಅಥವಾ ಸಿಸ್ಟಮ್ ಬಿದ್ದ ಟೇಪ್ ಬೇರೆಯೇ ಬಗೆ. ಕೊನೆಯ ಫೈಲಿಗೆ ಬಾಲದ ಲೇಬಲ್ ಇರುವುದಿಲ್ಲ, 21ನೇ ಬಗೆಯ ದಾಖಲೆಯೂ ಬಂದಿರಲಾರದು. ಅಂಥ ವಾಲ್ಯೂಮನ್ನು ಪುಸ್ತಕದಲ್ಲಿ ಅನುಮಾನಾಸ್ಪದ ಎಂದು ಗುರುತಿಸಿ, ಮುಂದಿನ ಜಾಬ್‌ಗಳಿಗೆ ಸಿಗದಂತೆ ಮಾಡಿ. ನಂತರ ಲೇಬಲ್‌ಗಳನ್ನು ಮೊದಲಿನಿಂದ ಓದಿ, ಸರಿಯಾದ ಇಓಎಫ್1 ಇರುವ ಕೊನೆಯ ಫೈಲ್ ಯಾವುದೆಂದು ಕಂಡುಕೊಳ್ಳಿ. ವರ್ಮ್ ಅಲ್ಲದ ಟೇಪಿನಲ್ಲಿ ಅದರ ಮುಂದಿನ ಕ್ರಮಸಂಖ್ಯೆಯಿಂದ ಬರೆಯಲು ಶುರುಮಾಡಿದರೆ ಬಿದ್ದ ಫೈಲಿನ ಮೇಲೆಯೇ ಬರಹ ಸಾಗುತ್ತದೆ, ಆ ಜಾಗ ವ್ಯರ್ಥವಾಗುವುದಿಲ್ಲ. ಪುಸ್ತಕದ ಸಾಧನದ ಬೈಟನ್ನು ಆ ಕೊನೆಯ ಸರಿಯಾದ ಫೈಲ್ ಮುಗಿದಾಗಿನ ಮೊತ್ತಕ್ಕೆ ಇಳಿಸಿ, ಫೈಲ್ ಕ್ರಮಸಂಖ್ಯೆ ಮತ್ತು ಬ್ಲಾಕ್ ಸಂಖ್ಯೆಯನ್ನೂ ಅದಕ್ಕೆ ಹೊಂದಿಸಿ, ಆಮೇಲೆ ಸ್ಥಿತಿಯನ್ನು ತೆರೆದಿದೆ ಎಂದು ಬದಲಾಯಿಸಿ.